ಇಂಗ್ಲಿಷ್ ಪದವನ್ನು ಒಂಟಿಯಾಗಿ ಕಲಿಯಬೇಡಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಪದವಿ ತರಗತಿಗೆ ಬಂದಾಗ, ಇಲ್ಲವೇ ಬ್ಯಾಂಕ್ ಪರೀಕ್ಷೆಗೆ ಓದಲು ಕೂತಾಗ, ಮೊದಲು ಕೊಳ್ಳುವುದು ಕಠಿಣ ಪದಗಳ ಪಟ್ಟಿಯಿರುವ ದಪ್ಪ ಪುಸ್ತಕ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದ ಒಂದೇ ಒಂದು ಅರ್ಥ. ‘ಎ’ಯಿಂದ ಬಾಯಿಪಾಠ ಶುರುವಾಗುತ್ತದೆ; ‘ಸಿ’ ದಾಟುವವರು ಅಪರೂಪ. ದಾಟಿದವರೂ ಆ ಪದಗಳನ್ನು ಬರೆಯುವಾಗ ಎಡವುತ್ತಾರೆ. ಇವರ ಶ್ರಮಕ್ಕೆ ಕೊರತೆಯಿಲ್ಲ, ಅದಕ್ಕೇ ಬೇಸರವಾಗುತ್ತದೆ.

ಮೊದಲು ಯಾವ ಪದ ಕಲಿಯಬೇಕು ಎಂಬುದು ಇತ್ಯರ್ಥವಾಗಲಿ. ಹಿಂದೆ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು 2000 ದಿನಬಳಕೆಯ ಇಂಗ್ಲಿಷ್ ಪದಗಳ ಪಟ್ಟಿ ಹೊರತಂದರು. ಅದರಲ್ಲೇ ತಡವರಿಸುವವರು ಮುಂದಕ್ಕೆ ಹೋಗಬೇಡಿ. ಅದು ಸಲೀಸಾಗಿದ್ದರೆ, ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ 2000ನೇ ಇಸವಿಯಲ್ಲಿ ಪ್ರಕಟಿಸಿದ ‘ಅಕಾಡೆಮಿಕ್ ವರ್ಡ್ ಲಿಸ್ಟ್’ ಹಿಡಿಯಿರಿ. ಅದರಲ್ಲಿರುವುದು 570 ಪದಕುಟುಂಬಗಳು ಮಾತ್ರ. ಪಠ್ಯಪುಸ್ತಕದಂಥ ಬರಹದಲ್ಲಿ ನೂರಕ್ಕೆ ಹತ್ತರಷ್ಟು ಪದಗಳು ಇವೇ. ಹೆಚ್ಚು ಬಳಕೆಯವು ಮೊದಲು ಬರುವಂತೆ ಹತ್ತು ಭಾಗ ಮಾಡಿದ್ದಾರೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ.

ಆದರೆ ಈ ಪಟ್ಟಿಯನ್ನೂ ಬಾಯಿಪಾಠ ಮಾಡಬೇಡಿ. ನಿಮಗೆ ಕನ್ನಡದಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿಯನ್ನು ಇಂಗ್ಲಿಷಿನಲ್ಲಿ ಓದಿ, ಪಟ್ಟಿಯ ಪದ ಅಲ್ಲಿ ಸಿಕ್ಕಿದಾಗ ಗುರುತು ಹಾಕಿ. ಚನ್ನಪಟ್ಟಣದವರು ಬೊಂಬೆಯ ಬಗ್ಗೆ ಓದಲಿ, ರೇಷ್ಮೆ ಮನೆಯವರು ರೇಷ್ಮೆಯ ಬಗ್ಗೆ. ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳನ್ನೇ ತೆಗೆದುಕೊಳ್ಳಿ. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸಿತು. ಜಾನುವಾರುಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. 2012ರಲ್ಲಿ ಬೆಟ್ಟ ರಣಹದ್ದು ವನ್ಯಧಾಮವಾಯಿತು. ಕಥೆ ಮೊದಲೇ ಗೊತ್ತಿದ್ದರೆ ‘ಡಿಕ್ಲೈನ್’, ‘ಇಂಪೋಸ್’, ‘ಪೋಸ್’ ಎಂಬ ಪದಗಳ ಅರ್ಥ ಅರ್ಧ ತಾನೇ ಹೊಳೆಯುತ್ತದೆ. ಈ ಮೂರೂ ಆ 570ರಲ್ಲಿವೆ.

ಈಗ ಮುಖ್ಯ ಮಾತು. ನಮ್ಮ ಮಕ್ಕಳು ಎಡವುವುದು ಅರ್ಥದಲ್ಲಲ್ಲ, ಪದದ ಜೊತೆಯಲ್ಲಿ ಏನು ಬರುತ್ತದೆ ಎಂಬುದರಲ್ಲಿ. ಕನ್ನಡದಲ್ಲಿ ಯಾವ ಇಂಗ್ಲಿಷ್ ಪದಕ್ಕಾದರೂ ‘ಮಾಡು’ ಅಂಟಿಸಿದರೆ ಮುಗಿಯಿತು: ಡಿಸಿಷನ್ ಮಾಡಿದ, ಸರ್ವೆ ಮಾಡಿದರು, ಬ್ಯಾನ್ ಮಾಡಿದರು, ಕ್ರೈಮ್ ಮಾಡಿದ. ಇದೇ ರೂಢಿಯಲ್ಲಿ ಇಂಗ್ಲಿಷ್ ಬರೆದಾಗ ಎಲ್ಲ ಕಡೆಯೂ ‘ಡು’ ಬಂದು ಕೂರುತ್ತದೆ. ಇಂಗ್ಲಿಷಿನಲ್ಲಿ ಡಿಸಿಷನ್‌ಗೆ ‘ಮೇಕ್’ ಬೇಕು, ಸರ್ವೆಗೆ ‘ಕಂಡಕ್ಟ್’, ಬ್ಯಾನ್‌ಗೆ ‘ಇಂಪೋಸ್’, ಕ್ರೈಮ್‌ಗೆ ‘ಕಮಿಟ್’. ಹಾಗೆಯೇ ‘ಅಪಾಯ ಒಡ್ಡು’ ಎನ್ನುವುದಕ್ಕೆ ‘ಪೋಸ್ ಎ ಥ್ರೆಟ್’. ಇದಕ್ಕೆ ಸೂತ್ರವಿಲ್ಲ, ಜೋಡಿಯಾಗಿಯೇ ಕಲಿಯಬೇಕು.

ಹಿಂದೆ ಮುಂದೆ ಬರುವ ಸಣ್ಣ ಪದಗಳದೂ ಇದೇ ಕಥೆ. ನಾವು ‘ಅದರ ಬಗ್ಗೆ ಚರ್ಚಿಸಿದೆವು’ ಎನ್ನುತ್ತೇವೆ. ಆದ್ದರಿಂದ ‘ಡಿಸ್ಕಸ್ ಅಬೌಟ್’ ಎಂದು ಬರೆಯುತ್ತೇವೆ. ತಪ್ಪು, ‘ಡಿಸ್ಕಸ್’ ಆದಮೇಲೆ ನೇರವಾಗಿ ವಿಷಯವೇ ಬರಬೇಕು. ‘ಎಂಫಸೈಜ್ ಆನ್’ ಕೂಡ ತಪ್ಪು, ಆದರೆ ‘ಎಂಫಸಿಸ್ ಆನ್’ ಸರಿ. ‘ಕನ್ಸಿಸ್ಟ್ಸ್ ಆಫ್’ ಸರಿ. ‘ಕಂಪ್ರೈಸಸ್’ ಮುಂದೆ ‘ಆಫ್’ ಬೇಡ. ಇಂಟರ್‌ವ್ಯೂಗೆ ಹೋಗುವವರಂತೂ ಈ ಮೂರನ್ನು ಇವತ್ತೇ ತಿದ್ದಿಕೊಳ್ಳಿ. ದೊಡ್ಡ ದೊಡ್ಡ ಪದ ಉದುರಿಸಿ ‘ಡಿಸ್ಕಸ್ ಅಬೌಟ್’ ಎಂದರೆ, ಕೇಳುವವರ ಕಿವಿಗೆ ಮೊದಲು ಬೀಳುವುದು ಅದೇ.

ಆದ್ದರಿಂದ ನೋಟ್‌ಬುಕ್ಕಿನಲ್ಲಿ ಪದವೊಂದನ್ನೇ ಬರೆಯಬೇಡಿ. ಓದಿದ ಜಾಗದಿಂದ ಮೂರು ನಾಲ್ಕು ಪದಗಳ ಇಡೀ ತುಣುಕನ್ನು ಎತ್ತಿಕೊಳ್ಳಿ: ‘ಪೋಸ್ ಎ ಥ್ರೆಟ್ ಟು’. ಅದರ ಕೆಳಗೆ ಇಡೀ ತುಣುಕಿಗೆ ಕನ್ನಡ ಅರ್ಥ. ಅದರ ಕೆಳಗೆ ನಿಮ್ಮ ಮನೆಯದೋ ಊರಿನದೋ ಒಂದು ವಾಕ್ಯ: ‘ದಿಸ್ ಡಿಸೀಸ್ ಪೋಸಸ್ ಎ ಥ್ರೆಟ್ ಟು ಸಿಲ್ಕ್‌ವರ್ಮ್ಸ್’. ಈ ಮೂರನೇ ಸಾಲನ್ನೇ ಎಲ್ಲರೂ ಬಿಡುತ್ತಾರೆ, ಪದ ನಮ್ಮದಾಗುವುದು ಅಲ್ಲಿಯೇ. ದಿನಕ್ಕೆ ಐದು ತುಣುಕು ಸಾಕು.

ನಿಘಂಟಿನ ವಿಷಯ. ಇಂಗ್ಲಿಷ್-ಕನ್ನಡ ನಿಘಂಟು ಅರ್ಥಕ್ಕೆ ಬೇಕೇ ಬೇಕು, ಆದರೆ ಅಲ್ಲಿ ಜೋಡಿ ಪದ ಸಿಗುವುದು ಕಡಿಮೆ. ಅದಕ್ಕೆ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ನೋಡಿ. ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಎ.ಎಸ್. ಹಾರ್ನ್‌ಬಿ, ಇಂಗ್ಲಿಷ್ ಮನೆಮಾತಲ್ಲದವರು ಎಲ್ಲಿ ಎಡವುತ್ತಾರೆಂದು ಕಂಡುಕೊಂಡು ಮಾಡಿದ ನಿಘಂಟು ಅದು. ಮೊದಲು ಅಚ್ಚಾದದ್ದೂ 1942ರಲ್ಲಿ ಟೋಕಿಯೊದಲ್ಲೇ. ಪ್ರತಿ ಪದದ ಕೆಳಗಿನ ಉದಾಹರಣೆ ವಾಕ್ಯಗಳನ್ನು ಓದದೆ ಪುಟ ತಿರುಗಿಸಬೇಡಿ. ಮೂವತ್ತು ದಿನದಲ್ಲಿ ಮೂರು ಸಾವಿರ ಪದ ಕಲಿಸುತ್ತೇವೆ ಎನ್ನುವ ಕೋಚಿಂಗ್‌ಗಳಿಗೆ ದುಡ್ಡು ಸುರಿಯುವ ಬದಲು ಈ ಒಂದು ಪುಸ್ತಕ ಕೊಂಡುಕೊಳ್ಳಿ.

ಉಚ್ಚಾರಣೆಗೆ ಮೊಬೈಲ್ ನಿಘಂಟಿನ ಸ್ಪೀಕರ್ ಗುರುತು ಒತ್ತಿ ಕೇಳಿ; ‘ಅನಲೈಸ್’, ‘ಅನ್ಯಾಲಿಸಿಸ್’, ‘ಅನಲಿಟಿಕಲ್’ ಮೂರರಲ್ಲೂ ಒತ್ತು ಬೀಳುವ ಜಾಗ ಬೇರೆ ಬೇರೆ. ಪುನರಾವರ್ತನೆ ಮರುದಿನ, ಮೂರನೇ ದಿನ, ವಾರಕ್ಕೆ, ತಿಂಗಳಿಗೆ. ಬೆಂಗಳೂರಿಗೆ ಓಡಾಡುವವರಿಗೆ ರೈಲಿನ ಹೊತ್ತೇ ಸಾಕು. ಇಂಗ್ಲಿಷ್ ಸಾಲನ್ನು ಕೈಯಿಂದ ಮುಚ್ಚಿ, ಕನ್ನಡ ನೋಡಿ ಇಡೀ ತುಣುಕು ಹೇಳಿ. ತಪ್ಪಿದ್ದನ್ನು ಆ ದಿನದ ಹೊಸ ಐದರ ಜೊತೆಗೆ ಮತ್ತೆ ಬರೆಯಿರಿ.