ಪದಸಾಹಚರ್ಯದ ನಕ್ಷೆ: ಗಣಕದ ಎಣಿಕೆ ಮತ್ತು ಕನ್ನಡದ ಓದು

ಪದವೊಂದರ ಅರ್ಥವನ್ನು ತಿಳಿಯಲು ನಿಘಂಟನ್ನು ತೆರೆಯುವುದು ವಾಡಿಕೆ. ಆದರೆ ಕೃತಿಯೊಳಗೆ ಆ ಪದಕ್ಕೆ ಒದಗುವ ಅರ್ಥವು ಬಹುಮಟ್ಟಿಗೆ ಅದರ ನೆರೆಹೊರೆಯಿಂದ ಬರುತ್ತದೆ. ಯಾವ ಪದದ ಬಳಿ ಯಾವ ಪದ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಇಲ್ಲಿ ‘ಪದಸಾಹಚರ್ಯ’ ಎಂದು ಕರೆಯೋಣ. 1950ರ ದಶಕದಲ್ಲಿ ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ ಈ ವಿಚಾರಕ್ಕೆ ಅರ್ಥವಿವೇಚನೆಯಲ್ಲಿ ಮಹತ್ವದ ಸ್ಥಾನವನ್ನು ಕೊಟ್ಟರು. ಇಂದು ಸಾಹಚರ್ಯವನ್ನು ಎಣಿಸಿ ನಕ್ಷೆಯಾಗಿ ತೋರಿಸುವ ತಂತ್ರಾಂಶಗಳು ವಿದ್ಯಾರ್ಥಿಗಳ ಕೈಗೆ ಸುಲಭವಾಗಿ ಎಟುಕುತ್ತಿವೆ. ಕನ್ನಡ ಪಠ್ಯಗಳಿಗೆ ಅವುಗಳನ್ನು ಅನ್ವಯಿಸುವಾಗ ಎಲ್ಲಿ ನಂಬಬೇಕು, ಎಲ್ಲಿ ತಡೆದು ನಿಲ್ಲಬೇಕು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮುಂಬಯಿಗೆ ಈ ವಿಷಯ ಹೊರಗಿನದಲ್ಲ. ಭಾರತದಲ್ಲಿಯೇ ರೂಪುಗೊಂಡ ಟಿಫ್ರಾಕ್ ಗಣಕವು 1960ರಲ್ಲಿ ಇಲ್ಲಿನ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಕಾರ್ಯಾರಂಭ ಮಾಡಿತು. ಅದೇ ಸಂಸ್ಥೆಯ ಗ್ರಂಥಾಲಯದಲ್ಲಿ ದುಡಿದ ಡಾ. ಶ್ರೀನಿವಾಸ ಹಾವನೂರರು (1928–2010), ‘ಹೊಸಗನ್ನಡದ ಅರುಣೋದಯ’ದಂಥ ಸಂಶೋಧನ ಗ್ರಂಥವನ್ನು ನೀಡಿದವರು, ಕನ್ನಡ ಸಂಶೋಧನೆಗೆ ಗಣಕವನ್ನು ಬಳಸಿಕೊಂಡ ಮೊದಲಿಗರಲ್ಲಿ ಒಬ್ಬರು. ಪವಾಯಿಯ ಐಐಟಿಯಲ್ಲಿ ನೆಲೆಗೊಂಡ ಇಂಡೋವರ್ಡ್‌ನೆಟ್ ಯೋಜನೆಯಲ್ಲಿ ಕನ್ನಡವೂ ಸೇರಿದೆ. ಆದರೆ ಅದು ಭಾಷೆಯಲ್ಲಿರುವ ಸಮಾನಾರ್ಥ, ವಿರುದ್ಧಾರ್ಥ ಮೊದಲಾದ ಸಂಬಂಧಗಳನ್ನು ದಾಖಲಿಸುವ ಪದಜಾಲ. ಸಾಹಚರ್ಯದ ನಕ್ಷೆಯಾದರೋ ಒಂದು ನಿರ್ದಿಷ್ಟ ಪಠ್ಯದಲ್ಲಿ ಪದಗಳು ಒಡನಾಡುವ ಬಗೆಯನ್ನು ತೋರಿಸುತ್ತದೆ. ಇವೆರಡನ್ನೂ ಒಂದೆಂದು ಭಾವಿಸಬಾರದು.

ಲಾರೆನ್ಸ್ ಆಂಟನಿಯವರ ಆಂಟ್‌ಕಾಂಕ್, ಜಪಾನಿನ ಕೋಇಚಿ ಹಿಗುಚಿಯವರು 2001ರಲ್ಲಿ ಹೊರತಂದ ಕೆಎಚ್ ಕೋಡರ್ ಇವು ಇಂಥ ಕೆಲಸಕ್ಕೆ ಬಳಕೆಯಲ್ಲಿರುವ ಸಾಧನಗಳು. ಮೊದಲನೆಯದು ಪದದ ಎಲ್ಲ ಪ್ರಯೋಗಗಳನ್ನು ಸಂದರ್ಭಸಹಿತ ಸಾಲಾಗಿ ಜೋಡಿಸಿಕೊಡುತ್ತದೆ. ಎರಡನೆಯದು ಪದಗಳನ್ನು ಬಿಂದುಗಳಾಗಿಯೂ ಅವುಗಳ ಸಾಹಚರ್ಯವನ್ನು ಗೆರೆಗಳಾಗಿಯೂ ಬಿಡಿಸುತ್ತದೆ. ಇದರ ಒಳಗಣ ಲೆಕ್ಕವನ್ನು ಕೈಯಿಂದಲೇ ಮಾಡಿನೋಡಬಹುದು. ಅದಕ್ಕಾಗಿ ನಾವೇ ರಚಿಸಿಕೊಂಡ ಐದು ವಾಕ್ಯಗಳು ಇಲ್ಲಿವೆ:

1. ಚಾಳಿನ ಖೋಲಿಯಲ್ಲಿ ದೀಪ ಉರಿಯುತ್ತಿತ್ತು.
2. ಊರಿನಿಂದ ಬಂದ ಕಾಗದ ಖೋಲಿಯ ಬಾಗಿಲಲ್ಲಿ ಬಿದ್ದಿತ್ತು.
3. ಊರಿಗೆ ಹೋಗುವ ರೈಲು ಕುರ್ಲಾದಿಂದ ಹೊರಟಿತು.
4. ಕಾಗದ ಓದಿದ ಮೇಲೆ ಊರು ನೆನಪಾಯಿತು.
5. ಖೋಲಿಗೆ ಮರಳಿದಾಗ ಊರು ದೂರವೆನಿಸಿತು.

ಸ್ವಿಸ್ ಸಸ್ಯವಿಜ್ಞಾನಿ ಪಾಲ್ ಜಕಾರ್ 1901ರಲ್ಲಿ ಸಸ್ಯಸಮೂಹಗಳನ್ನು ಹೋಲಿಸಲು ರೂಪಿಸಿದ ಅಳತೆಯನ್ನು ಇಂದು ಪದಗಳಿಗೂ ಬಳಸುತ್ತಾರೆ. ಎರಡು ಪದಗಳೂ ಇರುವ ವಾಕ್ಯಗಳ ಸಂಖ್ಯೆಯನ್ನು, ಅವೆರಡರಲ್ಲಿ ಒಂದಾದರೂ ಇರುವ ವಾಕ್ಯಗಳ ಸಂಖ್ಯೆಯಿಂದ ಭಾಗಿಸುವುದು ಇದರ ಕ್ರಮ. ‘ಊರು–ಕಾಗದ’ ಎರಡು ವಾಕ್ಯಗಳಲ್ಲಿ ಕೂಡಿಬಂದಿವೆ, ಒಂದಾದರೂ ಇರುವ ವಾಕ್ಯಗಳು 4, ಬೆಲೆ 0.5. ‘ಊರು–ಖೋಲಿ’ಯೂ ಎರಡು ಕಡೆ ಕೂಡಿಬಂದಿವೆ, ಆದರೆ ಒಂದಾದರೂ ಇರುವ ವಾಕ್ಯಗಳು 5, ಬೆಲೆ 0.4. ಕೂಡಿಬಂದ ಸಂಖ್ಯೆ ಸಮನಾದರೂ ಸಂಬಂಧದ ಬಲ ಸಮನಲ್ಲ ಎಂಬುದು ಇದರಿಂದ ಸ್ಪಷ್ಟ.

ಆದರೆ ಈ ಲೆಕ್ಕದಲ್ಲಿ ನಾವು ‘ಊರಿನಿಂದ’, ‘ಊರಿಗೆ’ ಎಂಬ ರೂಪಗಳನ್ನು ‘ಊರು’ ಎಂದೇ ಎಣಿಸಿದೆವು. ಗಣಕಕ್ಕೆ ಅದು ತಾನಾಗಿ ತಿಳಿಯದು. ರೂಪಗಳನ್ನು ಇದ್ದಂತೆಯೇ ಒಪ್ಪಿಸಿದರೆ ‘ಊರು–ಕಾಗದ’ದ ಬೆಲೆ 0.33ಕ್ಕೆ ಇಳಿಯುತ್ತದೆ. ‘ಖೋಲಿಯಲ್ಲಿ’, ‘ಖೋಲಿಯ’, ‘ಖೋಲಿಗೆ’ ಎಂಬವು ಮೂರು ಬೇರೆ ಪದಗಳಾಗಿ, ‘ಖೋಲಿ’ ಎಂಬ ಬಿಂದುವೇ ನಕ್ಷೆಯಿಂದ ಕಣ್ಮರೆಯಾಗುತ್ತದೆ. ‘ದೂರವೆನಿಸಿತು’ ಎಂಬಲ್ಲಿ ಸಂಧಿಯು ‘ದೂರ’ವನ್ನು ಮರೆಮಾಡುತ್ತದೆ. ಇದಕ್ಕೆ ವಿರುದ್ಧವಾಗಿ, ಪ್ರತ್ಯಯಗಳನ್ನು ಯಾಂತ್ರಿಕವಾಗಿ ಕತ್ತರಿಸಿದರೆ ‘ಕೋಲನ್ನು ಊರಿ ನಡೆದನು’ ಎಂಬಲ್ಲಿನ ಕ್ರಿಯಾಪದವೂ ‘ಊರಿ’ನ ಲೆಕ್ಕಕ್ಕೆ ಸೇರಿಬಿಡುತ್ತದೆ. ಆದ್ದರಿಂದ ಸಂಧಿಯನ್ನು ಬಿಡಿಸಿ, ವಿಭಕ್ತಿಯನ್ನು ಬೇರ್ಪಡಿಸಿ, ಪ್ರಕೃತಿಯನ್ನು ನಿರ್ಣಯಿಸುವುದು ಎಣಿಕೆಗಿಂತ ಮೊದಲು ಆಗಬೇಕಾದ ಕಾರ್ಯ. ‘ಶಬ್ದಮಣಿದರ್ಪಣ’ವನ್ನು ಓದಿದ ವಿದ್ಯಾರ್ಥಿಯ ಜ್ಞಾನ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮತ್ತೊಂದು ಎಚ್ಚರಿಕೆಯು ವಚನಗಳಿಂದ ದೊರೆಯುತ್ತದೆ. ವಚನಗಳಲ್ಲಿ ಪದಗಳನ್ನು ಹುಡುಕಲು ‘ವಚನ ಸಂಚಯ’ದಂಥ ಗಣಕೀಕೃತ ಸಂಗ್ರಹವು ಇಂದು ಲಭ್ಯವಿದೆ. ಬಸವಣ್ಣನವರ ವಚನಗಳನ್ನು ಘಟಕಗಳಾಗಿಟ್ಟುಕೊಂಡು ನಕ್ಷೆ ಮಾಡಿದರೆ, ಸಾಮಾನ್ಯವಾಗಿ ವಚನದ ಕೊನೆಗೆ ಬರುವ ‘ಕೂಡಲಸಂಗಮದೇವ’ ಎಂಬ ಅಂಕಿತವು ಹೆಚ್ಚಾಗಿ ಬಳಕೆಯಾದ ಪದಗಳೆಲ್ಲಕ್ಕೂ ನಂಟು ಬೆಳೆಸಿ ನಡುವೆ ಕುಳಿತುಬಿಡುತ್ತದೆ. ಇದು ಭಕ್ತಿಯ ಶೋಧವಲ್ಲ, ರಚನಾಕ್ರಮದ ಫಲ. ಅಂಕಿತವನ್ನು ತೆಗೆದು ಒಂದು ನಕ್ಷೆ, ಇಟ್ಟು ಇನ್ನೊಂದು ನಕ್ಷೆ ಮಾಡಿ ಹೋಲಿಸುವುದೇ ಉಚಿತ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಗೆರೆಯು ಏನನ್ನು ಹೇಳುತ್ತದೆ? ಮೇಲಿನ ಎರಡನೆಯ ವಾಕ್ಯದಲ್ಲಿ ಊರಿನ ಕಾಗದವು ಖೋಲಿಯ ಬಾಗಿಲಿಗೆ ಬಂದಿದೆ. ಐದನೆಯದರಲ್ಲಿ ಖೋಲಿಗೆ ಬಂದವನಿಗೆ ಊರು ದೂರವಾಗಿದೆ. ಒಂದು ಹತ್ತಿರ ತರುತ್ತದೆ, ಇನ್ನೊಂದು ಅಗಲಿಸುತ್ತದೆ. ಗಣಕಕ್ಕೆ ಎರಡೂ ಒಂದೇ ಗೆರೆ. ಪದಗಳ ಸಾಮೀಪ್ಯವನ್ನು ಭಾವದ ಸಾಮೀಪ್ಯವೆಂದು ತಿಳಿಯುವುದು ಈ ವಿಧಾನದಲ್ಲಿ ಸಂಭವಿಸಬಹುದಾದ ದೊಡ್ಡ ಪ್ರಮಾದ.

ಮುಂಬಯಿ ಕನ್ನಡ ಕಥಾಸಾಹಿತ್ಯದ ಅಧ್ಯಯನದಲ್ಲಿ ಈ ಪ್ರಮಾದಕ್ಕೆ ಅವಕಾಶ ಹೆಚ್ಚು. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿ ಇವರ ಕೃತಿಗಳನ್ನು ಕುರಿತು ‘ಊರಿನ ಹಂಬಲ, ನಗರದ ಒಂಟಿತನ’ ಎಂಬ ಸಿದ್ಧಸೂತ್ರವು ನಮ್ಮ ನಾಲಗೆಯ ತುದಿಯಲ್ಲಿರುತ್ತದೆ. ಆ ಸೂತ್ರಕ್ಕೆ ಒಪ್ಪುವ ಪದಗಳನ್ನಷ್ಟೇ ಆರಿಸಿ ನಕ್ಷೆ ಮಾಡಿದರೆ, ನಮ್ಮ ನಂಬಿಕೆಯೇ ಚಿತ್ರವಾಗಿ ಮರಳಿ ಬರುತ್ತದೆ. ಅದಕ್ಕೆ ಅಂಕಿಗಳ ಘನತೆಯೂ ಸೇರಿರುತ್ತದೆ. ಚಿತ್ತಾಲರ ಹನೇಹಳ್ಳಿಯ ಕಥೆಗಳನ್ನೂ ಮುಂಬಯಿಯಲ್ಲಿ ನಡೆಯುವ ‘ಶಿಕಾರಿ’ಯನ್ನೂ (1979) ಪ್ರತ್ಯೇಕವಾಗಿ ಎಣಿಸಿ, ‘ಊರು’, ‘ಮನೆ’, ‘ಭಯ’ ಇಂಥ ಪದಗಳ ನೆರೆಹೊರೆ ಎಲ್ಲಿ ಬದಲಾಗುತ್ತದೆ, ಎಲ್ಲಿ ಬದಲಾಗುವುದಿಲ್ಲ ಎಂದು ನೋಡುವುದು ಒಳ್ಳೆಯ ಅಧ್ಯಯನವಾದೀತು. ನಿರೀಕ್ಷೆಗೆ ವಿರುದ್ಧವಾದ ಗೆರೆ ಕಂಡಾಗಲೇ ನಕ್ಷೆಯ ನಿಜವಾದ ಪ್ರಯೋಜನ ಆರಂಭವಾಗುತ್ತದೆ.

ಆದ್ದರಿಂದ ಈ ಕ್ಷೇತ್ರಕ್ಕೆ ಬರುವ ವಿದ್ಯಾರ್ಥಿಗಳು ಮೂರು ನಿಯಮಗಳನ್ನು ಪಾಲಿಸುವುದು ಒಳಿತು. ಪಠ್ಯವನ್ನು ಯೂನಿಕೋಡಿಗೆ ತಂದು, ಮೂಲದೊಡನೆ ಹೋಲಿಸಿ ತಿದ್ದಬೇಕು. ಘಟಕವು ವಾಕ್ಯವೋ ಪ್ಯಾರಾವೋ ವಚನವೋ, ಯಾವ ಪದಗಳನ್ನು ಏಕೆ ಬಿಡಲಾಯಿತು ಎಂಬುದನ್ನು ಪ್ರಬಂಧದಲ್ಲಿ ತಿಳಿಸಬೇಕು. ಪ್ರತಿಯೊಂದು ಮುಖ್ಯ ಗೆರೆಯ ಹಿಂದಿರುವ ವಾಕ್ಯಗಳನ್ನೆಲ್ಲ ಓದಿದ ಬಳಿಕವೇ ಅದರ ಕುರಿತು ಮಾತನಾಡಬೇಕು. ಸಾವಿರಾರು ಪುಟಗಳ ನಡುವೆ ಎಲ್ಲಿ ನಿಂತು ಓದಬೇಕೆಂಬುದನ್ನು ಗಣಕ ತೋರಿಸಬಲ್ಲದು. ಓದುವ ಹೊಣೆ ಮಾತ್ರ ನಮ್ಮಲ್ಲಿಯೇ ಉಳಿಯುತ್ತದೆ.