ಗಲ್ಲಾ ಬಿಟ್ಟು ಏಳು, ತಮ್ಮಾ

ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ನೀನು ಕೂತಂದಿನಿಂದ ಮಾಲು ಕಳುವಾಗುವುದು ಹೆಚ್ಚಿದೆ ಎಂದು ಕೊರಗುತ್ತೀ. ನಿನ್ನ ಸಂಕಟ ಸುಳ್ಳಲ್ಲ, ತಮ್ಮಾ. ನೂರಕ್ಕೆ ಹತ್ತು ಉಳಿಯುವ ಮಾಲಿನಲ್ಲಿ 180 ರೂಪಾಯಿ ಅಸಲಿನ ಒಂದು ಹಿತ್ತಾಳೆ ನಲ್ಲಿ ಯಾರದೋ ಕಿಸೆ ಸೇರಿದರೆ, ಆ ಲುಕ್ಸಾನು ತುಂಬಲು 1800 ರೂಪಾಯಿ ವ್ಯಾಪಾರ ಆಗಬೇಕು. ಉಳ್ಳಾಗಡ್ಡಿ, ಮೆಣಸಿನಕಾಯಿ ರೇಟು ಬಿದ್ದ ವರ್ಷ ಲಕ್ಷ್ಮೇಶ್ವರ, ಶಿರಹಟ್ಟಿಯ ರೈತ ಮನೆ ರಿಪೇರಿಯನ್ನೇ ಮೊದಲು ಮುಂದೂಡುತ್ತಾನೆ. ಆಗ ಅಷ್ಟು ವ್ಯಾಪಾರ ಸುಮ್ಮನೆ ಆಗುವುದಿಲ್ಲ.

ಆದರೆ ಕಳ್ಳನಿಗೆ ಹೆದರಿ ನೀನು ಮಾಡಿದ್ದೇನು? ಕ್ಯಾಮೆರಾ ಹಾಕಿಸಿದೆ, ಮಾಲನ್ನೆಲ್ಲ ಜಾಳಿಗೆಯ ಹಿಂದಿಟ್ಟೆ, ಆ ಖರ್ಚು ಹೊಂದಿಸಲು ಹಳೆಯ ಆಳನ್ನು ಬಿಡಿಸಿದೆ. ಈಗ ಗಿರಾಕಿ ಹೊರಗೆ ನಿಂತು ಸಾಮಾನಿನ ಹೆಸರು ಹೇಳಬೇಕು. ಹೆಸರೇ ಗೊತ್ತಿಲ್ಲದವನ ಗತಿ? ಬೆಟಗೇರಿಯ ನೇಕಾರ ಮಗ್ಗದ ಸವೆದ ಬೋಲ್ಟನ್ನೇ ಮುಷ್ಟಿಯಲ್ಲಿ ಹಿಡಿದು ಬರುತ್ತಾನೆ.

ಮುಂಡರಗಿಯ ಒಂದು ಅಂಗಡಿಯಲ್ಲಿ ಕಂಡದ್ದು ಹೇಳುತ್ತೇನೆ. ತುಂಗಭದ್ರೆಯ ದಂಡೆಯ ರೈತನೊಬ್ಬ ಬಂದು, “ಪಂಪು ನೀರು ಎತ್ತವಲ್ದು, ಹೊಸಾ ಫುಟ್‌ವಾಲ್ವ್ ಕೊಡ್ರಿ” ಎಂದ. ಅಂಗಡಿಯ ಮುದುಕ ಆಳು ಹಳೆಯದನ್ನು ಇಸಿದುಕೊಂಡು ಬಿಚ್ಚಿ, ಒಳಗೆ ಬೆರಳಾಡಿಸಿ, “ವಾಲ್ವ್ ಗಟ್ಟಿ ಐತಿ. ವಾಷರ್ ಅಷ್ಟ ಸವದೈತಿ, ಅದೊಂದ ಒಯ್ರಿ” ಎಂದ. ಆ ದಿನ ಗಲ್ಲಾಕ್ಕೆ ಬಿದ್ದದ್ದು ಚಿಲ್ಲರೆ. ಆದರೆ ಆ ರೈತ ಮುಂದೆ ಮನೆ ಕಟ್ಟುವಾಗ ಪೈಪಿಗೆ, ಬಣ್ಣಕ್ಕೆ ಬೇರೆ ಅಂಗಡಿ ಹುಡುಕಿಕೊಂಡು ಹೋಗುತ್ತಾನೇನು?

ಕಳುವಿಗೂ ಅಂಥ ಆಳೇ ಮದ್ದು. ಹೊಸ್ತಿಲಲ್ಲೇ “ಏನ್ ಬೇಕಾಗಿತ್ರೀ?” ಎಂದು ಕೇಳಿ ಪಕ್ಕದಲ್ಲಿ ನಿಂತರೆ ಕದಿಯುವವನ ಕೈ ತಾನಾಗಿ ಹಿಂದೆ ಸರಿಯುತ್ತದೆ. ಕ್ಯಾಮೆರಾ ತೋರಿಸುವುದು ಮಾಲು ಹೋದ ಮೇಲೆ. ಸಣ್ಣದಾದರೂ ದುಬಾರಿಯಾದ ಡ್ರಿಲ್ ಬಿಟ್, ಹಿತ್ತಾಳೆ ಫಿಟಿಂಗುಗಳನ್ನು ಮಾತ್ರ ಗಲ್ಲಾದ ಹತ್ತಿರ ಇಟ್ಟುಕೊಂಡು ರಾತ್ರಿ ಎಣಿಸು. ಉಳಿದದ್ದನ್ನು ಜನ ಮುಟ್ಟಿ ನೋಡಲಿ.

ಸಿಕ್ಕಿಬಿದ್ದ ಹುಡುಗನನ್ನು ಬಡಿಯಬೇಡ, ಅವನ ಫೋಟೋ ವಾಟ್ಸಾಪಿಗೆ ಹಾಕಬೇಡ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ 5000 ರೂಪಾಯಿಗಿಂತ ಕಡಿಮೆಯ ಮಾಲು ಮೊದಲ ಸಲ ಕದ್ದವನು ಅದನ್ನು ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ ಸಾಕೆನ್ನುತ್ತದೆ. ಒಬ್ಬ ಹುಡುಗ ಕದ್ದನೆಂದು ಊರನ್ನೆಲ್ಲ ಅನುಮಾನಿಸಬೇಡ. ನಿನ್ನ ಊರಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಊರವರನ್ನು ನಂಬಿಯೇ.

ಇನ್ನು, ತಮಾಷೆಗೆಂದು ಕಿಸೆಗಿಳಿಸುವ ಹುಡುಗರೇ, ನೀವೂ ಕೇಳಿ. ಈ ಅಂಗಡಿ ಮುಚ್ಚಿದರೆ ನಿಮ್ಮಪ್ಪನ ಪಂಪಿನ ವಾಷರ್ ಆನ್‌ಲೈನಿನಲ್ಲಿ ಬರುವ ತನಕ ಹೊಲದ ಬೆಳೆ ಕಾಯುವುದಿಲ್ಲ.

ತಮ್ಮಾ, ಮೊದಲು ಆ ಹಳೆಯ ಆಳಿನ ಮನೆಗೆ ನೀನೇ ಹೋಗು. ಕೈಮುಗಿದು ಅಂಗಡಿಗೆ ಕರೆದುಕೊಂಡು ಬಾ.