ನೋವು ಮತ್ತು ಕತೆಯ ಭಾಷೆ

ಹತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ಕೈಬರಹದ ಪತ್ರಿಕೆಗೆ ನಾನೊಂದು ಕತೆ ಬರೆದಿದ್ದೆ. ಅದಕ್ಕೆ ಎರಡು ವರ್ಷ ಮೊದಲು, ಆಟಿ ತಿಂಗಳ ನೆರೆಯಲ್ಲಿ ಕಡವಿನ ದೋಣಿ ಮಗುಚಿ ನನ್ನ ತಮ್ಮ ತೀರಿಕೊಂಡಿದ್ದ. ಕತೆಯಲ್ಲಿ ವರುಣನ ರೌದ್ರನರ್ತನವಿತ್ತು, ವಿಧಿಯ ಕ್ರೂರ ಹಸ್ತವಿತ್ತು. ಕನ್ನಡ ಪಂಡಿತರು ಬೆನ್ನು ತಟ್ಟಿದರು. ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದೆ. ಆಕೆ ಪೂರ್ತಿ ಕೇಳಿ, ತುಳುವಿನಲ್ಲಿ, "ಅವನ ಕೊಡೆಯ ವಿಷಯ ಬರೆಯಲಿಲ್ಲವಾ ಮಗಾ?" ಎಂದಷ್ಟೇ ಕೇಳಿದಳು. ಮರುದಿನ ನಮಗೆ ಮೊದಲು ಸಿಕ್ಕಿದ್ದು ಆ ಕೊಡೆ.

ಮುಂದೆ ಇದೇ ಶಾಲೆಯಲ್ಲಿ ಪಾಠ ಹೇಳುವಾಗ ಆ ಪ್ರಶ್ನೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ದುಃಖ ಸಂಭವಿಸಿದ್ದು ತುಳುವಿನಲ್ಲಿ. ನಾನದನ್ನು ಪಠ್ಯಪುಸ್ತಕದ ವಿಶೇಷಣಗಳ ಅಡಿಯಲ್ಲಿ ಹೂತಿದ್ದೆ. (ತಪ್ಪು ಕನ್ನಡದ್ದಲ್ಲ, ನನ್ನದು.) ನೊಂದವನಿಗೆ ಅಲಂಕಾರವು ಮರೆಯಾಗಿ ನಿಲ್ಲುತ್ತದೆ. ಆ ಮರೆಯನ್ನು ಬಿಟ್ಟು ಬರೆದವರ ಗದ್ಯ ಹೇಗಿರುತ್ತದೆಂಬುದನ್ನು ನಾನು ಕಂಡದ್ದು ಉರ್ದು ಕತೆಗಾರ ಸಾದತ್ ಹಸನ್ ಮಂಟೋ ಅವರಲ್ಲಿ.

ದೇಶವಿಭಜನೆಯ ಬೆನ್ನಿಗೇ, 1948ರ ಜನವರಿಯಲ್ಲಿ, ಮಂಟೋ ತಾವು ಪ್ರೀತಿಸಿದ ಮುಂಬಯಿಯನ್ನು ತೊರೆದು ಲಾಹೋರಿಗೆ ಹೋದರು. ಅದೇ ವರ್ಷ ಹೊರಬಂದ 'ಸಿಯಾಹ್ ಹಾಶಿಯೆ'ಯ ಚಿತ್ರಗಳಲ್ಲಿ ಕೆಲವು ಎರಡು ಮೂರು ಸಾಲುಗಳಿಗೇ ಮುಗಿಯುತ್ತವೆ. ಅಲ್ಲಿ ಕೊಲೆಗಡುಕರು ಸಂತೆಯ ವ್ಯಾಪಾರಿಗಳಂತೆ ಮಾತನಾಡುತ್ತಾರೆ. ಲೇಖಕರು ಅಳುವುದೂ ಇಲ್ಲ, ಶಪಿಸುವುದೂ ಇಲ್ಲ.

'ಟೋಬಾ ಟೇಕ್ ಸಿಂಗ್' ಕತೆಯಲ್ಲಿ ಭಾಷೆಗೇ ಗಾಯವಾಗಿದೆ. ಹುಚ್ಚಾಸ್ಪತ್ರೆಯ ಬಿಶನ್ ಸಿಂಗ್ ಹಲವು ನುಡಿಗಳ ಚೂರುಗಳನ್ನು ಕಲಸಿ ಅರ್ಥವಿಲ್ಲದ ಒಂದೇ ವಾಕ್ಯವನ್ನು ಗೊಣಗುತ್ತಿರುತ್ತಾನೆ. ವಿಭಜನೆಯ ಸುದ್ದಿ ಬಂದ ಮೇಲೆ ಆ ವಾಕ್ಯದೊಳಕ್ಕೆ ಸರ್ಕಾರಗಳ ಹೆಸರು ನುಸುಳುತ್ತದೆ. ಉಳಿದ ಅಸಂಬದ್ಧತೆ ಹಾಗೆಯೇ ಇರುತ್ತದೆ. ಸ್ವತಃ ಮಂಟೋ ಕುಡಿತದ ಚಿಕಿತ್ಸೆಗಾಗಿ ಲಾಹೋರಿನ ಮಾನಸಿಕ ಆಸ್ಪತ್ರೆಯಲ್ಲಿ ಇದ್ದವರು. ಕತೆಗೂ ಆ ವಾಸಕ್ಕೂ ನೇರ ಗಂಟು ಹಾಕುವುದು ವಿಮರ್ಶಕರ ಆತುರವೆಂದೇ ನನ್ನ ಅಭಿಪ್ರಾಯ. ಆದರೂ ಎರಡು ಮುಳ್ಳುಬೇಲಿಗಳ ನಡುವಣ ಹೆಸರಿಲ್ಲದ ನೆಲದಲ್ಲಿ ಕುಸಿದುಬೀಳುವವನನ್ನು ಕುರಿತು ಅಷ್ಟು ಒಣ ಮಾತಿನಲ್ಲಿ ಬರೆಯಲು ಒಳಗಿನ ಬೇಗೆ ಎಷ್ಟಿದ್ದಿರಬೇಕು! 1956ರಲ್ಲಿ ಮನೆಯಲ್ಲಿ ಕುಳಿತಿದ್ದಂತೆಯೇ ರಾಜ್ಯ ಬದಲಾದ ನಮ್ಮ ಹಿರಿಯರ ಸಂಕಟವನ್ನು ಅದಕ್ಕೆ ಹೋಲಿಸಲಾರೆ. ಆದರೆ ಗಡಿನಾಡಿನ ಮಕ್ಕಳು ಆ ಪಾಠವನ್ನು ಸದ್ದಿಲ್ಲದೆ ಕೇಳುತ್ತಿದ್ದರು.

ನಿವೃತ್ತನಾದ ಮೇಲೆ ನನ್ನ ಕತೆಯನ್ನು ಹೊಸದಾಗಿ ಬರೆಯಲು ಕುಳಿತೆ. ವರುಣ ಹೋದ, ವಿಧಿ ಹೋಯಿತು. ದೋಣಿ, ಕೊಡೆ, ಅಮ್ಮನ ತುಳು ಮಾತು ಉಳಿದವು. ಒಂದೂವರೆ ಪುಟವಾಗಿದೆ, ಕೇಳಲು ಅಮ್ಮನಿಲ್ಲ. ಆ ಹಳೆಯ ಕೈಬರಹದ ಸಂಚಿಕೆ ಹಳೆ ವಿದ್ಯಾರ್ಥಿಗಳಲ್ಲಿ ಯಾರ ಬಳಿಯಾದರೂ ಇದ್ದರೆ, ದಯವಿಟ್ಟು ನನ್ನ ಪುಟವನ್ನು ಓದದೆ ತಿರುವಿರಿ.